ಕುದುರೆ ದಾರಿಯ ಸುದ್ದಿ

ಇಂಗ್ಲೆಂಡಿನ ಕೊವೆಂಟ್ರಿ ಬಳಿ ಎರಡು ಕಾಲುವೆಗಳು ಕೂಡುವ ಹಾಕ್ಸ್‌ಬರಿಯನ್ನು ದೋಣಿಯವರು ಕರೆಯುತ್ತಿದ್ದುದು ‘ಸಟನ್ ಸ್ಟಾಪ್’ ಎಂದು. ಕಲ್ಲಿದ್ದಲನ್ನು ಎಲ್ಲಿ ತುಂಬಬೇಕು, ಎಲ್ಲಿಗೆ ಒಯ್ಯಬೇಕು ಎಂಬ ಅಪ್ಪಣೆಗಾಗಿ ಖಾಲಿ ದೋಣಿಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ನಿಂತಲ್ಲಿ ಮಾತು, ಮಾತಿನಲ್ಲಿ ಸುದ್ದಿ. ದೋಣಿಯಿಂದ ದೋಣಿಗೆ ಹೀಗೆ ಹಾರುತ್ತಿದ್ದ ಸುದ್ದಿಗೆ ‘ಟೋಪಾತ್ ಟೆಲಿಗ್ರಾಫ್’ ಎಂಬ ಹೆಸರೂ ಬಿತ್ತು. ಟೋಪಾತ್ ಎಂದರೆ ದಂಡೆಗುಂಟ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ.

ಬಾಯಿಮಾತು ಬಿಟ್ಟರೆ ದೋಣಿಯವರಿಗೆ ಬೇರೆ ಗತಿಯೂ ಇರಲಿಲ್ಲ. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆಯಲ್ಲಿ ವರ್ಸ್ಲಿಯ ಕಲ್ಲಿದ್ದಲು ಮ್ಯಾಂಚೆಸ್ಟರಿನತ್ತ ಹೊರಟ ಮೇಲೆ ಕಾಲುವೆ ತೋಡುವ ಹುಚ್ಚು ದೇಶಕ್ಕೇ ಹಿಡಿದಿತ್ತು. ರೈಲು ಬಂದು ಆದಾಯ ಕುಸಿದಾಗ, ಮನೆ ಬಾಡಿಗೆ, ಆಳಿನ ಕೂಲಿ ಉಳಿಸಲು ಎಷ್ಟೋ ಸಂಸಾರಗಳು ದೋಣಿಯನ್ನೇ ಮನೆ ಮಾಡಿಕೊಂಡವು. ದೋಣಿಯ ಅಗಲ 7 ಅಡಿ. ನಮ್ಮ ಸಾರಿಗೆ ಬಸ್ಸಿಗಿಂತ ಕಿರಿದು. ದಿನಕ್ಕೊಂದು ಊರಿನ ನೀರು ಕುಡಿಯುವ ಮಕ್ಕಳಿಗೆ ಶಾಲೆ ಎಲ್ಲಿಯದು? 1877 ಮತ್ತು 1884ರ ಕಾಲುವೆ ದೋಣಿ ಕಾಯ್ದೆಗಳು ಬಂದ ಮೇಲೂ ಅನೇಕರಿಗೆ ಅಕ್ಷರ ಹತ್ತಲಿಲ್ಲ. ಕಾಗದ ಬಂದರೆ ಓದಿ ಹೇಳಲು ದಡದ ಮೇಲಿನವರೇ ಬೇಕು.

1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದವು. ಮೊದಲೇ ಸೊರಗಿದ್ದ ಸರಕು ಸಾಗಣೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಆಮೇಲೆ ಬಂದವರು ರಜೆಯ ವಿಹಾರಿಗಳು. ಅವರ ಹಿಂದೆ, ದೋಣಿಯಲ್ಲೇ ಬಾಳುವೆ ಮಾಡುವವರು.

ಈ ಹೊಸಬರಿಗೆ ಅಕ್ಷರ ಗೊತ್ತಿತ್ತು, ಲ್ಯಾಪ್‌ಟಾಪೂ ಇತ್ತು. ಇಲ್ಲದ್ದು ವಿಳಾಸ. ಸ್ವಂತ ತಂಗುದಾಣವಿಲ್ಲದ ದೋಣಿ ಸಾಮಾನ್ಯವಾಗಿ ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎನ್ನುತ್ತದೆ 1995ರ ಕಾಯ್ದೆ. ಇಂದು ಇಲ್ಲಿದ್ದು ನಾಳೆ ಹೋಗುವವರಿಗೆ ಬ್ರಾಡ್‌ಬ್ಯಾಂಡ್ ತಂತಿ ಎಳೆಯುವವರು ಯಾರು? 3ಜಿ ಡಾಂಗಲ್ ಬಂದಾಗ ದಾರಿ ತೆರೆಯಿತು, ಅರ್ಧ ಮಾತ್ರ. ಉಕ್ಕಿನ ದೋಣಿಯೊಳಗೆ ಸಿಗ್ನಲ್ ನುಸುಳದು. ಡಾಂಗಲನ್ನು ಕಿಟಕಿಗೆ ತೂಗುಹಾಕಿದರು, ಛಾವಣಿಗೆ ಆಂಟೆನಾ ಏರಿಸಿದರು. ಆದರೂ ಕಾಲುವೆ ತೋಡಿದವರ ಜಾಣತನವೇ ಅಡ್ಡ ಬಂತು. ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಯೋಜಿಸಿದ ಕಾಲುವೆಯ ವುಡ್‌ಸೀವ್ಸ್‌ನಲ್ಲಿ ಬಂಡೆ ಸೀಳಿ ನೇರ ದಾರಿ ಮಾಡಿದ್ದಾರೆ; ಎರಡೂ ಕಡೆ ಕಡಿದಾದ ಗೋಡೆ. ಅಂಥ ಕಮರಿಯಲ್ಲಿ ಮೊಬೈಲ್ ಟವರು ಕನಸಿನ ಮಾತು. ಕಾಲುವೆಯ ಸೇತುವೆಗಳಿಗೆ ನಂಬರು ಇರುವುದು ಒಳ್ಳೆಯದಾಯಿತು: ಎಷ್ಟನೇ ಸೇತುವೆ ದಾಟಿದರೆ ಮೇಲ್ ತೆರೆಯುತ್ತದೆ ಎಂದು ಎದುರು ದೋಣಿಯವರನ್ನು ಕೇಳಬಹುದು.

ತಮಾಷೆಯೆಂದರೆ, ದೂರಸಂಪರ್ಕದ ಆಪ್ಟಿಕಲ್ ಫೈಬರ್ ಕೇಬಲ್‌ಗಳನ್ನು ಹಲವೆಡೆ ಅದೇ ಕುದುರೆ ದಾರಿಯಡಿ ಹೂತಿದ್ದಾರೆ. ಊರೂರುಗಳ ಮಾತು ಕಾಲಡಿಯಲ್ಲೇ ಹರಿಯುತ್ತದೆ. ಪಕ್ಕದಲ್ಲಿ ಗೂಟಕ್ಕೆ ಹಗ್ಗ ಕಟ್ಟಿ ನಿಂತ ದೋಣಿಗೆ ಅದರ ಹನಿಯೂ ದಕ್ಕದು.

ಈಚೆಗೆ ಛಾವಣಿಗಳ ಮೇಲೆ ಉಪಗ್ರಹ ಇಂಟರ್ನೆಟ್ಟಿನ ಸ್ಟಾರ್‌ಲಿಂಕ್ ತಟ್ಟೆಗಳು ಕಾಣಿಸಿಕೊಂಡಿವೆ. ಅವಕ್ಕೆ ಟವರು ಬೇಡ, ಬಯಲು ಆಕಾಶ ಬೇಕು. ಕರೆಂಟೂ ಸಾಕಷ್ಟು ಬೇಕು, ಅದು ಬರುವುದು ಎಂಜಿನ್ನು, ಸೌರಫಲಕಗಳು ತುಂಬಿಸಿದ ಬ್ಯಾಟರಿಯಿಂದ. ಬೇಸಿಗೆಯಲ್ಲಿ ತಂಪಿಗೆಂದು ವಿಲೋ ಮರದಡಿ ದೋಣಿ ಕಟ್ಟಿದರೆ ಫಲಕಕ್ಕೆ ಬಿಸಿಲಿಲ್ಲ, ತಟ್ಟೆಗೆ ಆಕಾಶವಿಲ್ಲ.