ಗರ್ಭಸ್ಥ ಶಿಶುವಿನ ಆನುವಂಶಿಕ ಪರೀಕ್ಷೆ

ಹುಟ್ಟುವ ಮೊದಲೇ ಮಗುವಿನ ವರ್ಣತಂತು, ಜೀನುಗಳ ದೋಷ ಹುಡುಕುವ ಪರೀಕ್ಷೆ. ತಿಪಟೂರು ಸೀಮೆಯಲ್ಲಿ ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಟ್ಟಿದೆಯೇ ಎಂದು ಅಂದಾಜು ಮಾಡುತ್ತಾರೆ. ತಾಯಿಯ ರಕ್ತದಲ್ಲಿ ಮಾಡುವ ಎನ್‌ಐಪಿಟಿ ಎಂಬ ಪರೀಕ್ಷೆಯೂ ಅಂಥದೇ ಅಂದಾಜು. ಹತ್ತನೇ ವಾರದಿಂದ ಮಾಡಬಹುದಾದ ಇದು ಓದುವುದು ಮುಖ್ಯವಾಗಿ ಮಾಸುವಿನ ಡಿಎನ್‌ಎಯನ್ನು. ಅದು ಮಗುವಿನದಕ್ಕಿಂತ ಬೇರೆಯಾಗಿರುವುದೂ ಉಂಟು.

ಸಾವಿರಕ್ಕೊಂದು ಗರ್ಭದಲ್ಲಿ ಡೌನ್ ಸಿಂಡ್ರೋಮ್ ಇದ್ದು, ಪರೀಕ್ಷೆ ಸಾವಿರಕ್ಕೊಮ್ಮೆ ಸುಳ್ಳು ಎಚ್ಚರಿಕೆ ಕೊಟ್ಟರೂ ಸಾಕು, 'ಪಾಸಿಟಿವ್' ಬಂದವುಗಳಲ್ಲಿ ಸುಮಾರು ಅರ್ಧ ತಪ್ಪು! ಖಚಿತವಾಗಬೇಕಾದರೆ 15ನೇ ವಾರದ ನಂತರ ಗರ್ಭದ ನೀರು ತೆಗೆದು ನೋಡಬೇಕು.

ಸೋದರಮಾವನ ಜೊತೆ ಮದುವೆ ಈ ಕಡೆಗೆ ಹೊಸದಲ್ಲ. ಹೀಗೆ ರಕ್ತಸಂಬಂಧಿಗಳಾದ ದಂಪತಿ ಇಬ್ಬರಲ್ಲೂ ಒಂದೇ ಜೀನಿನ ದೋಷ ಅಡಗಿರುವ ಸಾಧ್ಯತೆ ಹೆಚ್ಚು; ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಆ ಕಾಯಿಲೆ ಬರುವ ಅಪಾಯ ಶೇ. 25. ಸಾಮಾನ್ಯ ಎನ್‌ಐಪಿಟಿ ಅದನ್ನು ನೋಡುವುದೇ ಇಲ್ಲ.

ವರದಿಯಲ್ಲಿ ಲಿಂಗ ತಿಳಿಸುವುದು ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಂತೆ ಅಪರಾಧ.