ಒಣಗಿದ ಕಿತ್ತಳೆ ತೋಟ ಕಲಿಸಿದ ಪಾಠ

ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಐತಿಹ್ಯದಿಂದ ಮೊದಲಾಗುವ ಚಿಕ್ಕಮಗಳೂರಿನ ಕಾಫಿಯ ಚರಿತ್ರೆ, ಮನುಷ್ಯ ಗಿಡವನ್ನು ತಿದ್ದಿದ ಚರಿತ್ರೆಯೂ ಹೌದು. ಎಲೆ ತುಕ್ಕು ರೋಗ ಅರೇಬಿಕಾ ತೋಟಗಳನ್ನು ಕಾಡುತ್ತಿದ್ದ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ಆರಂಭವಾಯಿತು. 1940ರ ದಶಕದಲ್ಲಿ ಅಲ್ಲಿಂದ ಎಸ್. 795 ತಳಿ ಹೊರಬಂತು.

ಗಿಡವನ್ನು ತಿದ್ದಬಹುದಾದರೆ ಮನುಷ್ಯನನ್ನೇ ಏಕೆ ತಿದ್ದಬಾರದು? ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1957ರಲ್ಲಿ ಮಾನವಕುಲ ತನ್ನನ್ನು ತಾನೇ ಮೀರಬೇಕೆಂಬ ಆಶಯವನ್ನು ‘ಟ್ರಾನ್ಸ್‌ಹ್ಯೂಮನಿಸಂ’ ಎಂದು ಕರೆದರು. ಮುಪ್ಪು, ಸಾವುಗಳೂ ತಂತ್ರಜ್ಞಾನದಿಂದ ದಾಟಬಹುದಾದ ಅಡ್ಡಿಗಳು ಎಂಬಲ್ಲಿಗೆ ಇಂದು ಆ ಚಿಂತನೆ ಬಂದು ನಿಂತಿದೆ.

ಈ ಮನೋಭಾವವನ್ನು ಬುಡದಲ್ಲೇ ಪ್ರಶ್ನಿಸಿದ ಪೂರ್ವ ಏಷ್ಯಾದ ದರ್ಶನವೊಂದು ಕನ್ನಡಕ್ಕೆ ಬಂದದ್ದು ಕಾಫಿ ಬೆಳೆಗಾರರೊಬ್ಬರ ಕೈಯಿಂದ. ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ತಮ್ಮ ‘ಸಹಜ ಕೃಷಿ’ಯಲ್ಲಿ ಜಪಾನಿನ ಮಸನೊಬು ಫುಕುವೋಕಾರನ್ನು ಕನ್ನಡಿಗರಿಗೆ ಪರಿಚಯಿಸಿದರು.

ಫುಕುವೋಕಾ (1913–2008) ಸಸ್ಯರೋಗ ವಿಜ್ಞಾನಿ. ಯೊಕೊಹಾಮಾ ಬಂದರಿನಲ್ಲಿ ಸಸ್ಯ ತಪಾಸಣೆಯ ಕೆಲಸದಲ್ಲಿದ್ದರು. ತೀವ್ರ ಕಾಯಿಲೆ, ಸಾವಿನ ಭಯಗಳ ನಂತರ ಒಂದು ಮುಂಜಾನೆ, ಮನುಷ್ಯನ ತಿಳಿವಳಿಕೆಯೆಲ್ಲ ಬರಿದು ಎಂಬ ಅರಿವು ಅವರಿಗಾಯಿತು. ಕೆಲಸ ಬಿಟ್ಟು ಶಿಕೊಕು ದ್ವೀಪದ ತಂದೆಯ ತೋಟಕ್ಕೆ ಮರಳಿದರು. ಬೌದ್ಧರು ‘ಮು’ ಎನ್ನುವ ಶೂನ್ಯ, ಲಾವೋತ್ಸೆಯ ಅಕರ್ಮ, ಇವು ಅವರ ವಿಚಾರಕ್ಕೆ ತೀರ ಹತ್ತಿರ. ಉಳುಮೆಯಿಲ್ಲ, ಗೊಬ್ಬರವಿಲ್ಲ, ಕಳೆ ಕೀಳುವುದಿಲ್ಲ, ವಿಷ ಸಿಂಪಡಿಸುವುದಿಲ್ಲ ಎಂಬುದು ಅವರ ಬೇಸಾಯ. ನಿಸರ್ಗದಿಂದ ಬೇರೆಯಾದ ‘ನಾನು’ ಎಂಬುದೇ ಭ್ರಮೆಯಾದರೆ, ಆ ‘ನಾನು’ವನ್ನು ಬಲಪಡಿಸಿ ಚಿರಂಜೀವಿಯಾಗಿಸುವ ಹಂಬಲಕ್ಕೆ ಬೆಲೆಯೇನು?

ಆದರೆ ಅವರ ಮೊದಲ ಪ್ರಯೋಗವೇ ಸೋತಿತು. ಅದುವರೆಗೆ ಸವರಿ ಬೆಳೆಸಿದ್ದ ಕಿತ್ತಳೆ ಮರಗಳನ್ನು ಹಾಗೆಯೇ ಬಿಟ್ಟಾಗ ಕೊಂಬೆಗಳು ಹೆಣೆದುಕೊಂಡು, ಕೀಟ ಬಿದ್ದು, ಸುಮಾರು 400 ಮರಗಳು ಒಣಗಿದವು. ಸಹಜತೆ ಬೇರೆ, ಕೈಬಿಡುವುದು ಬೇರೆ ಎಂದು ಅವರು ಕಲಿತದ್ದು ಆಗಲೇ. ಮನುಷ್ಯ ಒಮ್ಮೆ ಕೈಯಿಟ್ಟ ಜೀವದ ಹೊಣೆ ಅವನದೇ.

ಮಲೆನಾಡಿಗೆ ಈ ಪಾಠ ಹೊಸದಲ್ಲ. ಗಿಡ ಕಸಿ, ಮರಗಸಿ ನಿಲ್ಲಿಸಿದ ಕಾಫಿ ತೋಟ ತಾನಾಗಿ ಕಾಡಾಗುವುದಿಲ್ಲ, ಹಾಳು ಬೀಳುತ್ತದೆ. ಔಷಧಿ, ಚುಚ್ಚುಮದ್ದುಗಳಿಂದ ಆಯುಷ್ಯ ಹೆಚ್ಚಿಸಿಕೊಂಡ ಮನುಷ್ಯನೂ ಹಿಂದಕ್ಕೆ ಹೋಗಲಾರ. ಫುಕುವೋಕಾರ ಸೋಲು ಹಿಂದಿರುಗಲು ಹೇಳುವುದಿಲ್ಲ. ಇನ್ನೊಂದು ಕೊಂಬೆಗೆ ಕತ್ತಿ ಹಾಕುವ ಮುನ್ನ, ಮುಂದೆ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಲು ಹೇಳುತ್ತದೆ.