ದೇಗಾಂವದ ಕಮಲ ನಾರಾಯಣ ಗುಡಿ: ಕಟ್ಟಿಸಿದಾಕೆ ರಾಣಿ ಕಮಲಾದೇವಿ

ಕಿತ್ತೂರು ಎಂದೊಡನೆ ರಾಣಿ ಚೆನ್ನಮ್ಮ ನೆನಪಾಗುವುದು ಸಹಜ. ಆಕೆಗಿಂತ ಆರು ಶತಮಾನ ಮೊದಲೇ ಇದೇ ಸೀಮೆಯಲ್ಲಿ ಇನ್ನೊಬ್ಬ ರಾಣಿ ಕಲ್ಲಿನಲ್ಲಿ ತನ್ನ ಹೆಸರು ನಿಲ್ಲಿಸಿದ್ದಳು. ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ಮಡದಿ ಕಮಲಾದೇವಿ ದೇಗಾಂವದ ಈ ಕಮಲ ನಾರಾಯಣ ಗುಡಿಯನ್ನು ಕಟ್ಟಿಸಿದಳು. ಇಲ್ಲಿಯ ಶಾಸನದ ಕಾಲ ಕಲಿಯುಗ 4275, ಅಂದರೆ ಕ್ರಿ.ಶ. 1174. ಅರಸನ ಒಪ್ಪಿಗೆ ಪಡೆದು ಆಕೆ ದೇಗಾಂವವನ್ನು ಬ್ರಾಹ್ಮಣರಿಗೆ ಅಗ್ರಹಾರವಾಗಿ ಬಿಟ್ಟುಕೊಟ್ಟದ್ದನ್ನೂ ಅದು ಹೇಳುತ್ತದೆ.

ಉಳಿ ಹಿಡಿದವಳು ರಾಣಿಯಲ್ಲ. ಆ ಕೀರ್ತಿ ಬಂಕಾಪುರದ ಶಿಲ್ಪಿ ತಿಪ್ಪೋಜನಿಗೆ ಸಲ್ಲಬೇಕು. ಕೆಲಸ ಮಾಡಿದವನ ಹೆಸರೂ ಉಳಿದು ಬಂದಿರುವುದು ನಮ್ಮ ಗುಡಿಗಳ ಮಟ್ಟಿಗೆ ಭಾಗ್ಯವೇ. ಆದರೆ ಯಾವ ದೇವರಿಗೆ, ಯಾವ ಊರಿನಲ್ಲಿ, ಯಾವ ಉಂಬಳಿಯ ಬಲದಿಂದ ಎಂಬ ತೀರ್ಮಾನಗಳಲ್ಲಿ ಕಮಲಾದೇವಿಯ ಮುದ್ರೆಯಿದೆ.

ಒಳಗೆ ಮೂರು ಗರ್ಭಗುಡಿಗಳಿವೆ: ನಾರಾಯಣ, ಲಕ್ಷ್ಮೀನಾರಾಯಣ ಮತ್ತು ಕಮಲಾ. ಗಂಡನ ಬಿರುದಿನಲ್ಲಿ ಶಿವ, ಹೆಂಡತಿ ಕಟ್ಟಿಸಿದ್ದು ವಿಷ್ಣುವಿಗೆ! ಲಕ್ಷ್ಮಿಯನ್ನು ಕಮಲಾ ಎಂದು ಕರೆದಾಗ ದೇವಿಯ ಹೆಸರಿನೊಳಗೆ ರಾಣಿಯ ಹೆಸರೂ ಸೇರಿಕೊಂಡಿತು. ಗೋವೆ ಕದಂಬರ ಇನ್ನಷ್ಟು ಗುಡಿಗಳನ್ನು ನೋಡಬಯಸುವವರು ಖಾನಾಪುರ ತಾಲೂಕಿನ ಹಲಸಿಗೆ ಹೋಗಬಹುದು.